ಆಕ್ಸೊಲಾಟಲ್ ಟ್ಯಾಂಕ್: ಬಾವಿ ನೀರಿನಿಂದ ಶುರು ಮಾಡೋಣ

ಪ್ರಾಣಿಶಾಸ್ತ್ರ ಓದುವ ನಮಗೆಲ್ಲ ಆಕ್ಸೊಲಾಟಲ್ ಎಂಬ ನೀರಿನಲ್ಲೇ ಬಾಳುವ ಉಭಯಚರ ಪುಸ್ತಕದಲ್ಲಿ ಪರಿಚಯ. ಕಾಲು ತುಂಡಾದರೆ ಮತ್ತೆ ಬೆಳೆಯುತ್ತದೆ, ಮರಿಯಾಗಿದ್ದಾಗಿನ ಕಿವಿರುಗಳನ್ನು ಉಳಿಸಿಕೊಂಡೇ ದೊಡ್ಡದಾಗುತ್ತದೆ. ಪರೀಕ್ಷೆಗೆ ಇಷ್ಟು ಸಾಕು, ಸಾಕುವುದಕ್ಕೆ ಸಾಲದು. ನೀರ್ಚಾಲಿನ ನಮ್ಮ ಮನೆಯಲ್ಲಿ ತಮ್ಮ ಮತ್ತು ನಾನು ಎರಡು ತಿಂಗಳಿಂದ ಒಂದು ಟ್ಯಾಂಕ್ ಸಿದ್ಧ ಮಾಡುತ್ತಿದ್ದೇವೆ. ಪ್ರಾಣಿ ಇನ್ನೂ ಬಂದಿಲ್ಲ. ಕಾಸರಗೋಡಿನ ನೀರು ಮತ್ತು ಹವೆ ಎರಡೂ ಅದಕ್ಕೆ ಒಗ್ಗುವುದಿಲ್ಲ. ಹಾಗಾಗಿ ನಮ್ಮ ಹೆಚ್ಚಿನ ಕೆಲಸ ನೀರಿನದ್ದೇ ಆಯಿತು. ಈ ಟಿಪ್ಪಣಿಯಲ್ಲೂ ಅದೇ ಜಾಸ್ತಿ.

ತಂಪು

ಆಕ್ಸೊಲಾಟಲ್‌ನ ಊರು ಮೆಕ್ಸಿಕೊ ನಗರದ ಸೋಚಿಮಿಲ್ಕೊ ಕೆರೆ ಮತ್ತು ಕಾಲುವೆಗಳು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರ. ಮಡಿಕೇರಿಯ ಎತ್ತರದ ಹೆಚ್ಚುಕಡಿಮೆ ಎರಡರಷ್ಟು. ಅದಕ್ಕೆ ಬೇಕಾದ ನೀರು 16ರಿಂದ 18 ಡಿಗ್ರಿ ಸೆಲ್ಸಿಯಸ್. 24 ದಾಟಿ ಕೆಲವು ದಿನ ನಿಂತರೆ ಊಟ ಬಿಡುತ್ತದೆ, ಮೈಮೇಲೆ ಬೂಸ್ಟು ಬೆಳೆಯತೊಡಗುತ್ತದೆ. ಕಾರಣ ಸರಳ. ನೀರು ಬಿಸಿಯಾದಷ್ಟೂ ಅದರ ದೇಹಕ್ಕೆ ಆಮ್ಲಜನಕ ಜಾಸ್ತಿ ಬೇಕು, ನೀರಿನಲ್ಲಿ ಕರಗಿರುವುದು ಮಾತ್ರ ಕಡಿಮೆ. 18 ಡಿಗ್ರಿಯ ನೀರು ಲೀಟರಿಗೆ ಸುಮಾರು 9.5 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 28 ಡಿಗ್ರಿಯದ್ದು 7.8 ಮಾತ್ರ.

"ಸುರಂಗದ ನೀರು ಐಸಿನ ಹಾಗೆ ಇದೆಯಲ್ಲ, ಅದನ್ನೇ ಬಿಟ್ಟರಾಯಿತು" ಎಂದರು ಅಮ್ಮ. ಸುರಂಗ ಎಂದರೆ ನಮ್ಮಲ್ಲಿ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದದ್ದು. ನನಗೂ ಹಾಗೇ ಅನಿಸಿತ್ತು. ಥರ್ಮಾಮೀಟರ್ ಇಟ್ಟು ನೋಡಿದೆವು. ಬಾವಿ 27, ಸುರಂಗ 26. ಬಿಸಿಲಿನಲ್ಲಿ ನಡೆದು ಬಂದ ಕೈಗೆ ಅದು ತಂಪು, ಅಷ್ಟೇ. ನೆಲದೊಳಗಿನ ನೀರಿನ ಉಷ್ಣತೆ ಆ ಊರಿನ ಇಡೀ ವರ್ಷದ ಸರಾಸರಿ ಉಷ್ಣತೆಯ ಆಸುಪಾಸಿನಲ್ಲೇ ಇರುತ್ತದೆ. ನಮ್ಮಲ್ಲಿ ಚಳಿಗಾಲವೇ ಇಲ್ಲದ ಮೇಲೆ ಸುರಂಗಕ್ಕೆ ಚಳಿ ಎಲ್ಲಿಂದ ಬರಬೇಕು?

ನೀರಿನ ಮೇಲೆ ಫ್ಯಾನ್ ಬಿಡುವ ಉಪಾಯವನ್ನು ತುಂಬ ಕಡೆ ಹೇಳುತ್ತಾರೆ. ನೀರು ಆವಿಯಾಗುವಾಗ ಶಾಖ ಒಯ್ಯುತ್ತದೆ, ಅದು ನಿಜ. ಆದರೆ ಗಾಳಿ ಒಣಗಿರಬೇಕು. ಜತ್ತ, ಅಕ್ಕಲಕೋಟೆ ಕಡೆಯ ಬೇಸಗೆಯಲ್ಲಿ ಫ್ಯಾನ್ ಕೆಲವು ಡಿಗ್ರಿ ಇಳಿಸಬಹುದು. ಕರಾವಳಿಯ ಗಾಳಿ ಮೊದಲೇ ತೇವದಿಂದ ತುಂಬಿದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಐಸ್ ಬಾಟಲಿ ಇಳಿಬಿಟ್ಟರೆ ಉಷ್ಣತೆ ಜೋಕಾಲಿಯ ಹಾಗೆ ಏರಿಳಿಯುತ್ತದೆ. ಕರೆಂಟು ಹೋದ ದಿನಕ್ಕೆ ಅದು ಇರಲಿ. ದಿನನಿತ್ಯಕ್ಕೆ ಚಿಲ್ಲರ್, ಅಂದರೆ ನೀರು ತಣಿಸುವ ಯಂತ್ರ, ಬೇಕೇ ಬೇಕು. ಚಿಲ್ಲರ್‌ಗೆ ಹಣ ಒದಗದಿದ್ದರೆ ಸಾಕುವ ಯೋಚನೆಯನ್ನೇ ಮುಂದೂಡಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಮೊದಲ ಸಲ ಚಿಲ್ಲರ್ ಹಾಕಿ ನೋಡಿದ ರಾತ್ರಿ ಇನ್ನೊಂದು ಪಾಠವಾಯಿತು. ಬೆಳಿಗ್ಗೆ ಎದ್ದಾಗ ಗಾಜಿನ ಹೊರಮೈ ಪೂರ್ತಿ ಬೆವರಿತ್ತು. ಹನಿಗಳು ಸಾಲಾಗಿ ಇಳಿದು ಮರದ ಸ್ಟ್ಯಾಂಡಿನ ಅಂಚು ಉಬ್ಬಿತ್ತು. ಟ್ಯಾಂಕ್ ಸೋರುತ್ತಿದೆ ಎಂದು ತಮ್ಮ ಗಾಬರಿಯಾದ. ಸೋರಿದ್ದಲ್ಲ, ತಣ್ಣನೆಯ ಗಾಜಿಗೆ ತಗುಲಿ ಹೊರಗಿನ ತೇವ ನೀರಾಗಿತ್ತು. ಈಗ ಮೂರು ಬದಿಗೆ ಮತ್ತು ಅಡಿಗೆ ಥರ್ಮಾಕೋಲ್ ಹಾಕಿದ್ದೇವೆ, ಸ್ಟ್ಯಾಂಡ್ ಕಬ್ಬಿಣದ್ದು. ಕರೆಂಟು ಹೋದಾಗ ತಂಪು ಉಳಿಸುವುದೂ ಇದೇ ಥರ್ಮಾಕೋಲ್.

ನೀರಿನ ಗುಣ

ನಮ್ಮ ಟ್ಯಾಂಕ್ 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಆಕ್ಸೊಲಾಟಲ್ ತಳದಲ್ಲೇ ನಡೆದಾಡುವ ಪ್ರಾಣಿ, ಅದಕ್ಕೆ ಎತ್ತರಕ್ಕಿಂತ ನೆಲದ ಜಾಗ ಮುಖ್ಯ. ಒಮ್ಮೊಮ್ಮೆ ಹಾರುವುದೂ ಇದೆ. ಅದಕ್ಕೇ ಮುಚ್ಚಳ ಇಟ್ಟು, ನೀರನ್ನು 38 ಸೆಂ.ಮೀ.ಗೆ ನಿಲ್ಲಿಸಿದ್ದೇವೆ. 90, 45, 38 ಗುಣಿಸಿ 1000ದಿಂದ ಭಾಗಿಸಿದರೆ 154 ಲೀಟರ್.

ಮುಂದಿನದು ಸೈಕ್ಲಿಂಗ್, ಅಂದರೆ ವಿಷ ಕಳೆಯುವ ಬ್ಯಾಕ್ಟೀರಿಯಾವನ್ನು ಟ್ಯಾಂಕಿನಲ್ಲಿ ಬೆಳೆಸುವುದು. ಪ್ರಾಣಿಯ ಕಸದಿಂದ ಅಮೋನಿಯಾ ಬರುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ವಿಷ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆ ತನಕ ಪ್ರಾಣಿ ಬೇಡ. ಟ್ಯಾಂಕಿಗೆ ಅಮೋನಿಯಾ ದ್ರಾವಣವನ್ನೇ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಗುವಷ್ಟು ಹಾಕಿ ಅವುಗಳನ್ನು ಬೆಳೆಸಬೇಕು. ತಂಪಿನಲ್ಲಿ ಅವು ನಿಧಾನ. ಹಾಗಾಗಿ ಈ ಹಂತದಲ್ಲಿ ಚಿಲ್ಲರ್ ಆಫ್.

ಮೂರು ವಾರ ಕಳೆದರೂ ನಮ್ಮಲ್ಲಿ ಏನೂ ಆಗಲಿಲ್ಲ. "ಅಣ್ಣ, ಬಣ್ಣ ಬದಲಾಗ್ಲೇ ಇಲ್ಲ" ಎಂದು ತಮ್ಮ ದಿನಾ ಬೆಳಿಗ್ಗೆ ಅಮೋನಿಯಾ ಪರೀಕ್ಷೆಯ ಹಸಿರು ನೀರಿನ ಪುಟ್ಟ ಗಾಜಿನ ನಳಿಗೆ ಹಿಡಿದುಕೊಂಡು ಬರುತ್ತಿದ್ದ. ಅಮೋನಿಯಾ ಹಾಕಿದಷ್ಟೇ ಇತ್ತು. ಕೊನೆಗೆ ಪಿಎಚ್ ನೋಡಿದರೆ 5.8. ಕ್ಷಾರೀಯತೆ, ಅಂದರೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ, ಹೆಚ್ಚುಕಡಿಮೆ ಸೊನ್ನೆ.

ಮುರಕಲ್ಲಿನ (ಜಂಬಿಟ್ಟಿಗೆ) ನೆಲದ ಗುಣ ಇದು. ಲಕ್ಷಾಂತರ ವರ್ಷಗಳ ಮಳೆ ಅದರ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿದೆ. ಅಲ್ಲಿ ಇಂಗಿ ಬಾವಿಗೆ ಬರುವ ನೀರು ಮೆದು, ಸ್ವಲ್ಪ ಹುಳಿ. ಕುಡಿಯಲು ರುಚಿ, ಬೇಳೆ ಬೇಗ ಬೇಯುತ್ತದೆ. ಆದರೆ ಬ್ಯಾಕ್ಟೀರಿಯಾ 1 ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ಬದಲಾಯಿಸುವಾಗ ಸುಮಾರು 7 ಮಿಲಿಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. ಅದು ಇಲ್ಲದಿದ್ದರೆ ಪಿಎಚ್ ಕುಸಿದು ಅವುಗಳ ಕೆಲಸ ನಿಲ್ಲುತ್ತದೆ. ಆಕ್ಸೊಲಾಟಲ್‌ಗೂ ಸ್ವಲ್ಪ ಗಡಸು ನೀರೇ ಹಿತ, ಪಿಎಚ್ 7.4ರ ಆಸುಪಾಸಿನದ್ದು.

ಪರಿಹಾರ ಸಮುದ್ರದ ಕಡೆಯಿಂದಲೇ ಬಂತು. ಚಿಪ್ಪುಗಳನ್ನು ಕೆಲವು ದಿನ ಸಿಹಿನೀರಿನಲ್ಲಿ ನೆನೆಸಿ, ಉಪ್ಪು ಬಿಡಿಸಿ, ಕುದಿಸಿ, ಕುಟ್ಟಿ, ಎರಡು ಹಿಡಿಯಷ್ಟನ್ನು ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನ ಪಕ್ಕ ಇಟ್ಟೆವು. ಚಿಪ್ಪೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಹುಳಿಯಿದ್ದಾಗ ಬೇಗ ಕರಗುತ್ತದೆ, ಪಿಎಚ್ ಏರಿದ ಹಾಗೆ ತಾನಾಗಿ ನಿಧಾನವಾಗುತ್ತದೆ. ಹತ್ತು ದಿನದಲ್ಲಿ ಪಿಎಚ್ 7.3 ಆಯಿತು, ನೈಟ್ರೈಟಿನ ನೇರಳೆ ಬಣ್ಣ ಮೊದಲ ಸಲ ಕಾಣಿಸಿತು. ತಮ್ಮ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಲ್ಲರನ್ನೂ ಕರೆದು ತೋರಿಸಿದ.

ಒಂದು ಎಚ್ಚರಿಕೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರ ಆ ನೀರನ್ನು ಟ್ಯಾಂಕಿಗೆ ಹಾಗೇ ಹಾಕಬೇಡಿ. ಕ್ಲೋರಿನ್ ಕಿವಿರನ್ನೂ ಸುಡುತ್ತದೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಸೋಡಿಯಂ ಥಯೋಸಲ್ಫೇಟ್ ಇರುವ ಡಿಕ್ಲೋರಿನೇಟರ್ ಬೇಕು.

ಒಳಗಿನ ಸಾಮಾನು

ಆಕ್ಸೊಲಾಟಲ್ ಕಚ್ಚಿ ತಿನ್ನುವುದಿಲ್ಲ. ಬಾಯಿ ಫಕ್ಕನೆ ತೆರೆದು ನೀರಿನ ಜೊತೆಗೆ ಎದುರಿಗಿದ್ದದ್ದನ್ನೆಲ್ಲ ಒಳಗೆಳೆಯುತ್ತದೆ. ಅಂಗಡಿಯ ಬಣ್ಣದ ಜಲ್ಲಿ ಹೊಟ್ಟೆ ಸೇರಿ ಕರುಳು ಕಟ್ಟಿಕೊಳ್ಳುವುದು ಹೀಗೆ. ಒಂದೋ ತೀರಾ ನಯವಾದ ಮರಳು, ಇಲ್ಲವೇ ಅದರ ತಲೆಗಿಂತ ದೊಡ್ಡ ಉರುಟು ಕಲ್ಲು. ನಡುವಿನದ್ದು ಬೇಡ. ಆರಿಂಚಿಗಿಂತ ಚಿಕ್ಕ ಮರಿಗೆ ಬರಿ ಗಾಜಿನ ತಳವೇ ವಾಸಿ. ನಾವು ಹೊಳೆಮರಳನ್ನು ಸೋಸಿ, ತೊಳೆದ ನೀರು ತಿಳಿಯಾಗುವ ತನಕ ತೊಳೆದೆವು. ಮುರಕಲ್ಲಿನ ತುಂಡು ಇಟ್ಟರೆ ಚಂದ ಕಾಣುತ್ತದೆ, ಆದರೆ ಅದರ ಮೈ ಒರಟು. ಈ ಪ್ರಾಣಿಗೆ ಹುರುಪೆ ಇಲ್ಲ, ಚರ್ಮ ಬಹಳ ಮೆದು.

ರೆಪ್ಪೆಯೂ ಇಲ್ಲ. ಬೆಳಕಿನಿಂದ ತಪ್ಪಿಸಿಕೊಳ್ಳಲು ಮರೆ ಬೇಕು. ನಾಲ್ಕಿಂಚಿನ ಪಿವಿಸಿ ಪೈಪನ್ನು ಒಂದಡಿ ಉದ್ದಕ್ಕೆ ಕೊಯ್ದು ಅಂಚುಗಳಿಗೆ ಮರಳುಕಾಗದ ಉಜ್ಜಿದೆವು. ಅರ್ಧ ಮಡಕೆಯೂ ಆಗುತ್ತದೆ. ಪರೀಕ್ಷೆ ಮಾಡುವುದು ಹೀಗೆ: ಹಳೆಯ ರೇಷ್ಮೆ ಸೀರೆಯ ಚೂರನ್ನು ಅಂಚಿನ ಮೇಲೆ ಎಳೆಯಿರಿ. ನೂಲು ಸಿಕ್ಕಿಕೊಂಡರೆ ಇನ್ನೂ ಉಜ್ಜಬೇಕು.

ಫಿಲ್ಟರಿನ ನೀರು ಜೋರಾಗಿ ಚಿಮ್ಮಬಾರದು, ಇದು ಕೆರೆಯ ಜೀವಿ. ಸ್ಪಂಜ್ ಫಿಲ್ಟರ್ ಒಳ್ಳೆಯದು. ಚಿಲ್ಲರಿನಿಂದ ಮರಳುವ ನೀರನ್ನು ತೂತು ಕೊರೆದ ಪೈಪಿನಲ್ಲಿ ಗೋಡೆಗೆ ತಿರುಗಿಸಿದರೆ ರಭಸ ಸಾಯುತ್ತದೆ. ಗಿಡಗಳಲ್ಲಿ ಜಾವಾ ಫರ್ನ್, ಅನೂಬಿಯಾಸ್ ಸಾಕು, ಮಂದ ಬೆಳಕಿನಲ್ಲೂ ಬದುಕುತ್ತವೆ. ಬೇರುಗಡ್ಡೆಯನ್ನು ಮರಳಲ್ಲಿ ಹೂಳದೆ ಕಲ್ಲಿಗೆ ದಾರದಿಂದ ಕಟ್ಟಿ.

ಊಟಕ್ಕೆ ಎರೆಹುಳ. ಆದರೆ ಅಡಿಕೆಗೆ ಮದ್ದು ಬಿಟ್ಟ ತೋಟದ್ದು ಖಂಡಿತ ಬೇಡ. ಆ ಮದ್ದಾದ ಬೋರ್ಡೋ ದ್ರಾವಣದ ಮೈಲುತುತ್ತು ಎಂದರೆ ತಾಮ್ರ, ಉಭಯಚರಗಳಿಗೆ ಅದು ವಿಷ. ನಾವು ಹಟ್ಟಿಯ ಹಿಂದೆ ಬೇರೆಯೇ ತೊಟ್ಟಿ ಇಟ್ಟು ಹುಳ ಬೆಳೆಸುತ್ತಿದ್ದೇವೆ.

ಕಾಗದಪತ್ರವನ್ನೂ ಮರೆಯಬೇಡಿ. ಆಕ್ಸೊಲಾಟಲ್ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಇಂಥ ಪ್ರಾಣಿಗಳನ್ನು ಇಟ್ಟುಕೊಳ್ಳಲು ನೋಂದಣಿ ಬೇಕು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ಅರ್ಜಿ. ದಾಖಲೆ ಕೊಡದ ಮಾರಾಟಗಾರರ ಹತ್ತಿರ ಕೊಳ್ಳಬೇಡಿ.

ಇವತ್ತು ಬೆಳಗಿನ ಲೆಕ್ಕ: ನಿನ್ನೆ ಹಾಕಿದ 2 ಪಿಪಿಎಂ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 80, ಪಿಎಚ್ 7.4. ನಾಳೆ ಮುಕ್ಕಾಲು ಪಾಲು ನೀರು ಬದಲಿಸಿ ಚಿಲ್ಲರ್ ಹಾಕುತ್ತೇವೆ. ಒಂದು ವಾರ 17 ಡಿಗ್ರಿಯಲ್ಲಿ ನಿಲ್ಲಬೇಕು, ಆಮೇಲೆ ಅರ್ಜಿ.