ಜ್ವಾಲಾಮುಖಿ ಎಲ್ಲಿ, ಯಾಕೆ? ಗಡಿಗಿಂತ ಮುಖ್ಯವಾದ ಪ್ರಶ್ನೆ

ಜಗತ್ತಿನ ನಕ್ಷೆಯ ಮೇಲೆ ಜೀವಂತ ಜ್ವಾಲಾಮುಖಿಗಳಿಗೆ ಒಂದೊಂದು ಚುಕ್ಕೆ ಇಡುತ್ತಾ ಹೋಗಿ. ಚುಕ್ಕೆಗಳು ಸಾಲುಗಟ್ಟುತ್ತವೆ. ಆ ಸಾಲುಗಳು ಹೆಚ್ಚೂಕಡಿಮೆ ಭೂಫಲಕಗಳ, ಅಂದರೆ ಭೂಮಿಯ ಹೊರಭಾಗದ ನಿಧಾನವಾಗಿ ಸರಿಯುವ ಭಾರೀ ತುಂಡುಗಳ, ಗಡಿಗಳೇ. ಪೆಸಿಫಿಕ್ ಸುತ್ತಲಿನ ಸುಮಾರು 40,000 ಕಿ.ಮೀ. ಉದ್ದದ ‘ಬೆಂಕಿಯ ಉಂಗುರ’ವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ, ಅಲ್ವಾ? ಆದರೆ ಸುಮ್ನೆ ‘ಗಡಿ ಇದ್ದಲ್ಲಿ ಜ್ವಾಲಾಮುಖಿ’ ಎಂದು ಬರೆದರೆ ಸಾಲದು. ಹಿಮಾಲಯದಲ್ಲಿ ಗಡಿ ಇದೆ, ದೊಡ್ಡ ಭೂಕಂಪಗಳೂ ಆಗುತ್ತವೆ. ಉಕ್ಕುವ ಜ್ವಾಲಾಮುಖಿ ಮಾತ್ರ ಒಂದೂ ಇಲ್ಲ. ಹಾಗಾಗಿ ಎಲ್ಲೇ ಆದರೂ ಕೇಳಬೇಕಾದ ಪ್ರಶ್ನೆ ಇದು: ಇಲ್ಲಿ ಕಲ್ಲು ಕರಗುವುದು ಹೇಗೆ?

ನಮ್ಮ ಕಾಲಡಿಯ ಮ್ಯಾಂಟಲ್, ಅಂದರೆ ಭೂಮಿಯ ಹೊರಚಿಪ್ಪಿನ ಕೆಳಗಿನ ದಪ್ಪ ಪದರ, ಬಹುಪಾಲು ಗಟ್ಟಿ ಕಲ್ಲು. ಅದು ತುಂಬಾ ಬಿಸಿ, ಆದರೂ ಮೇಲಿನ ಒತ್ತಡ ಅದನ್ನು ಕರಗಲು ಬಿಡುವುದಿಲ್ಲ. ಫಲಕಗಳು ದೂರ ಸರಿಯುವ ಕಡೆ ಈ ಕಲ್ಲು ಮೇಲೇರುತ್ತದೆ, ಒತ್ತಡ ಇಳಿಯುತ್ತದೆ. ಹೊಸದಾಗಿ ಶಾಖ ಸೇರದಿದ್ದರೂ ಸ್ವಲ್ಪ ಭಾಗ ಕರಗುತ್ತದೆ. ಕುಕ್ಕರ್‌ನ ಒತ್ತಡ ತಟ್ಟನೆ ಇಳಿದರೆ ಒಳಗಿನ ನೀರು ಕುದಿದೇಳುವ ಹಾಗೆ. ಇಂಥ ಗಡಿಗಳು ಜಾಸ್ತಿ ಇರುವುದು ಸಮುದ್ರದಡಿ. ಐಸ್‌ಲ್ಯಾಂಡ್‌ನಂಥ ಕೆಲವೆಡೆ ಮಾತ್ರ ನೆಲದ ಮೇಲೇ ಕಾಣುತ್ತವೆ.

ಒಂದು ಫಲಕ ಇನ್ನೊಂದರ ಕೆಳಗೆ ಜಾರುವ ಕಡೆ ಕಥೆಯೇ ಬೇರೆ. ಪರೀಕ್ಷೆಯಲ್ಲಿ ಬಹಳ ಜನ ‘ಉಜ್ಜಾಟದಿಂದ ಕರಗುತ್ತದೆ’ ಎಂದು ಬರೆಯುತ್ತಾರೆ. ನಿಜವಾದ ಕಾರಣ ನೀರು. ಸಾಗರತಳದ ಕಲ್ಲು ಖನಿಜಗಳೊಳಗೆ ನೀರನ್ನು ಹೊತ್ತುಕೊಂಡೇ ಇಳಿಯುತ್ತದೆ. ಸುಮಾರು 100 ಕಿ.ಮೀ. ಆಳದಲ್ಲಿ ಆ ನೀರು ಹೊರಬಂದು ಮೇಲಿನ ಬಿಸಿ ಮ್ಯಾಂಟಲ್‌ಗೆ ಸೇರುತ್ತದೆ. ನೀರು ಸೇರಿದ ಕಲ್ಲು ಕಡಿಮೆ ಶಾಖಕ್ಕೇ ಕರಗುತ್ತದೆ. ಅದಕ್ಕೇ ಜ್ವಾಲಾಮುಖಿಗಳು ಗಡಿಗೆರೆಯ ಮೇಲಲ್ಲ, ಅದರಿಂದ ಸ್ವಲ್ಪ ಒಳಗೆ ಸಾಲಾಗಿ ನಿಲ್ಲುತ್ತವೆ. 1883ರಲ್ಲಿ ಸಿಡಿದ ಇಂಡೋನೇಷ್ಯಾದ ಕ್ರಕಟೋವ ಹೀಗೆ ಹುಟ್ಟಿದ್ದು. ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ, ಅಂಡಮಾನಿನ ಬ್ಯಾರನ್ ದ್ವೀಪವೂ ಹೀಗೆಯೇ.

ಈಗ ಹಿಮಾಲಯ ಸುಲಭ. ಅಲ್ಲಿ ಎರಡು ಖಂಡಗಳು ಡಿಕ್ಕಿ ಹೊಡೆದಿವೆ. ನೀರು ಹೊತ್ತು ಇಳಿಯುವ ಸಾಗರತಳ ಮುಗಿದುಹೋಗಿದೆ. ನಡುವೆ ಟೆಥಿಸ್ ಸಾಗರ ಇದ್ದಾಗ ಅಲ್ಲೂ ಕಲ್ಲು ಕರಗುತ್ತಿತ್ತು. ನೆಲದೊಳಗೇ ಗಟ್ಟಿಯಾದ ಆ ಮ್ಯಾಗ್ಮಾವೇ (ಕರಗಿದ ಕಲ್ಲೇ) ಇಂದು ಲಡಾಖ್‌ನಲ್ಲಿ ಕಾಣುವ ಗ್ರಾನೈಟ್ ಬೆಟ್ಟಗಳು. ಇನ್ನು ಫಲಕಗಳು ಪಕ್ಕಪಕ್ಕದಲ್ಲೇ ಉಜ್ಜಿ ಸಾಗುವ ಕ್ಯಾಲಿಫೋರ್ನಿಯಾದ ಸಾನ್ ಆಂಡ್ರಿಯಾಸ್‌ನಂಥ ಗಡಿಯಲ್ಲಿ ಭೂಕಂಪ ಜಾಸ್ತಿ, ಜ್ವಾಲಾಮುಖಿ ಅಪರೂಪ.

ಬೆಂಗಳೂರು ಇರುವುದು ಫಲಕದ ಒಳಭಾಗದಲ್ಲಿ, ಗಡಿಗಳಿಂದ ಬಹಳ ದೂರ. ಲಾಲ್‌ಬಾಗ್ ಬಂಡೆಯನ್ನು ಯಾರಾದರೂ ಲಾವಾ ಎಂದರೆ ನಂಬಬೇಡಿ. ಅದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್, ಆಳದಲ್ಲಿ ರೂಪ ಬದಲಿಸಿದ ಕಲ್ಲು. ಲಾವಾ ನೋಡಬೇಕೆಂದರೆ ಬೆಳಗಾವಿ, ವಿಜಯಪುರದ ಕಡೆ ಹೋಗಿ. ಅಲ್ಲಿನ ಕಪ್ಪು ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದದ್ದು. ಇದು ಹವಾಯಿಯ ಹಾಗೆ ಹಾಟ್‌ಸ್ಪಾಟ್ ಕೆಲಸ ಎಂದು ಹೆಚ್ಚಿನ ಭೂವಿಜ್ಞಾನಿಗಳು ಹೇಳುತ್ತಾರೆ. ಹಾಟ್‌ಸ್ಪಾಟ್ ಎಂದರೆ ಆಳದಿಂದ ಬಿಸಿಕಲ್ಲು ಮೇಲೇಳುವ ಜಾಗ, ಅದಕ್ಕೆ ಫಲಕದ ಗಡಿ ಬೇಕಿಲ್ಲ. ನಮ್ಮ ಫಲಕ ಉತ್ತರಕ್ಕೆ ಸರಿಯಿತು. ಆ ಹಾಟ್‌ಸ್ಪಾಟ್ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ, ಅಲ್ಲಿನ ಜ್ವಾಲಾಮುಖಿ ಇಂದಿಗೂ ಆಗಾಗ ಉಕ್ಕುತ್ತದೆ.