ಗಾಳಿಯ ಬೆನ್ನಿಗೆ ದುಂಬಿ, ದುಂಬಿಯ ಬೆನ್ನಿಗೆ ಬೆಂಕಿ: ಕಾಡಿನ ಅಪಾಯ ಅಳೆಯುವುದು ಹೇಗೆ?

2018ರ ಅಕ್ಟೋಬರ್ ಕೊನೆಯಲ್ಲಿ ಬೀಸಿದ ‘ವಾಯಾ’ ಬಿರುಗಾಳಿ ಉತ್ತರ ಇಟಲಿಯ ಆಲ್ಪ್ಸ್ ಕಾಡುಗಳಲ್ಲಿ 80 ಲಕ್ಷ ಘನ ಮೀಟರಿಗೂ ಹೆಚ್ಚು ಮರವನ್ನು ನೆಲಕ್ಕುರುಳಿಸಿತು. ನಷ್ಟ ಅಲ್ಲಿಗೆ ನಿಲ್ಲಲಿಲ್ಲ. ಬಿದ್ದ ಸ್ಪ್ರೂಸ್ ಮರಗಳಲ್ಲಿ ತೊಗಟೆ ಕೊರೆಯುವ ದುಂಬಿ ಸಂತಾನ ಬೆಳೆಸಿತು. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ, ಗಾಳಿಗೆ ಬೀಳದೆ ಉಳಿದಿದ್ದ ಮರಗಳೂ ನಿಂತಲ್ಲೇ ಒಣಗತೊಡಗಿದವು.

ಗಾಳಿಗೊಂದು, ಬೆಂಕಿಗೊಂದು, ಕೀಟಕ್ಕೊಂದು ನಕ್ಷೆ ಬಿಡಿಸಿ, ಮೂರನ್ನೂ ಒಂದರ ಮೇಲೊಂದು ಹಾಸಿ ಅಂಕ ಕೂಡಿಸುವುದು ಹಲವು ವರದಿಗಳ ರೂಢಿ. ಈ ಕೂಡಿಕೆಯೇ ತಪ್ಪು ಎನ್ನಲು ವಾಯಾ ಒಂದೇ ಸಾಕು. ಯಾವ ಆಪತ್ತು ಯಾವುದರ ನಂತರ, ಎಷ್ಟು ವರ್ಷದ ಅಂತರದಲ್ಲಿ ಬರುತ್ತದೆ ಎಂಬುದು ಲೆಕ್ಕದೊಳಗೆ ಬರಲೇಬೇಕು.

ಕೆಲಸ ಶುರುವಾಗುವುದು ಸರಳವಾಗಿಯೇ. ಕಾಡನ್ನು ಪ್ರತಿ ಬದಿಯೂ 100 ಮೀಟರ್ ಇರುವ ಚೌಕಗಳಾಗಿ ಒಡೆದು, ಪ್ರತಿ ಚೌಕಕ್ಕೂ ಮೂರು ಸಂಗತಿ ಬರೆದುಕೊಳ್ಳಬೇಕು: ಆಪತ್ತು ಬರುವ ವಾರ್ಷಿಕ ಸಂಭವ, ಅಲ್ಲಿ ಕಾಡು ಕೊಡುತ್ತಿರುವ ಪ್ರಯೋಜನ ಎಷ್ಟು ಎಂಬುದು, ಮತ್ತು ಆಪತ್ತು ಬಂದರೆ ಆ ಪ್ರಯೋಜನದಲ್ಲಿ ಎಷ್ಟು ಪಾಲು ಹೋಗುತ್ತದೆ ಎಂಬುದು. ಮೂರನೆಯದು ಮರದ ಮೈಕಟ್ಟನ್ನೇ ನೆಚ್ಚಿದೆ. ಒತ್ತಾಗಿ ಬೆಳೆದು ಉದ್ದವಾದ, ಎತ್ತರವು ಕಾಂಡದ ವ್ಯಾಸದ 80 ಪಟ್ಟು ಮೀರಿದ ಮರ ಗಾಳಿಗೆ ಬೇಗ ಮುರಿಯುತ್ತದೆ. ದಪ್ಪ ತೊಗಟೆಯ ಮರ ನೆಲದ ಬೆಂಕಿಯನ್ನು ತಾಳಿಕೊಳ್ಳುತ್ತದೆ, ತೆಳು ತೊಗಟೆಯದು ಸಾಯುತ್ತದೆ. ಪಕ್ಕದ ಕಾಡನ್ನು ಹೊಸದಾಗಿ ಕಡಿದಿದ್ದರೆ, ಅದುವರೆಗೆ ಒಳಗೆ ಬೆಚ್ಚಗಿದ್ದ ಮರಗಳು ಥಟ್ಟನೆ ಅಂಚಿನ ಮರಗಳಾಗಿ ಗಾಳಿಗೆ ಮೈಯೊಡ್ಡುತ್ತವೆ.

ಈಗ ಒಂದು ಕಾಲ್ಪನಿಕ ಲೆಕ್ಕ. ಬಿರುಗಾಳಿಯ ವಾರ್ಷಿಕ ಸಂಭವ ಶೇ 1, ದುಂಬಿಯದ್ದೂ ಶೇ 1 ಎಂದಿಟ್ಟುಕೊಳ್ಳಿ. 30 ವರ್ಷಗಳಲ್ಲಿ ಒಮ್ಮೆಯಾದರೂ ಬಿರುಗಾಳಿ ಬೀಸುವ ಸಂಭವ ಸುಮಾರು ಶೇ 26. ಎರಡಕ್ಕೂ ನಂಟೇ ಇಲ್ಲವೆಂದರೆ, ಒಂದೇ ಚೌಕ ಎರಡನ್ನೂ ಕಾಣುವ ಸಂಭವ ಶೇ 7ರ ಆಸುಪಾಸು. ಆದರೆ ಗಾಳಿ ಬಂದ ನಂತರದ ಮೂರು ವರ್ಷಗಳಲ್ಲಿ ದುಂಬಿ ಬರುವ ಸಂಭವ ಅರ್ಧಕ್ಕರ್ಧ ಎಂದಾದರೆ, ಆ ಶೇ 7 ಕನಿಷ್ಠ ಶೇ 13ಕ್ಕೆ ಏರುತ್ತದೆ. ಅಂದರೆ ಜೋಡಿ ಆಪತ್ತಿನ ಅಪಾಯವನ್ನು ಬಿಡಿ ನಕ್ಷೆಗಳು ಹತ್ತಿರಹತ್ತಿರ ಅರ್ಧದಷ್ಟು ಮುಚ್ಚಿಟ್ಟಿರುತ್ತವೆ.

ಈ ನಂಟು ಎಲ್ಲಿಂದ ಬಂತು? ಆರೋಗ್ಯವಂತ ಸ್ಪ್ರೂಸ್ ತನ್ನನ್ನು ಕೊರೆಯಲು ಬಂದ ದುಂಬಿಯನ್ನು ರಾಳ ಸುರಿಸಿ ಹೊರದಬ್ಬುತ್ತದೆ. ಬಿದ್ದ ಮರಕ್ಕೆ ಆ ಶಕ್ತಿ ಇಲ್ಲ, ಬರದಿಂದ ಬಳಲಿದ ಮರಕ್ಕೆ ತೀರಾ ಕಡಿಮೆ. ಬೆಚ್ಚನೆಯ ಬೇಸಿಗೆಯಲ್ಲಿ ಮೊಟ್ಟೆಯಿಂದ ದುಂಬಿಯಾಗಲು 6ರಿಂದ 10 ವಾರ ಸಾಕು. ಒಂದೇ ವರ್ಷದಲ್ಲಿ ಎರಡು, ಕೆಲವೊಮ್ಮೆ ಮೂರು ಪೀಳಿಗೆ ಹೊರಬೀಳುತ್ತವೆ. ಬಿದ್ದ ಮರಗಳಲ್ಲಿ ಸಂಖ್ಯೆ ಒಮ್ಮೆ ಉಕ್ಕಿತೆಂದರೆ, ಗುಂಪುಗೂಡಿ ಎರಗುವ ದುಂಬಿಗಳಿಗೆ ಗಟ್ಟಿಮುಟ್ಟಾದ ಮರದ ರಾಳವೂ ಸಾಲದಾಗುತ್ತದೆ.

ಇಷ್ಟಾದರೂ ಅರ್ಧ ದಾರಿಯಷ್ಟೇ ಮುಗಿದಿರುತ್ತದೆ, ಏಕೆಂದರೆ ಕಾಡಿನ ಒಂದೊಂದು ಪ್ರಯೋಜನಕ್ಕೂ ಒಂದೊಂದು ಗಡಿಯಾರವಿದೆ. ನಾಟಾದ ಬೆಲೆ ಮೊದಲ ಬೇಸಿಗೆಯಲ್ಲೇ ಕುಸಿಯುತ್ತದೆ. ದುಂಬಿಯ ಜೊತೆ ಒಳಹೊಕ್ಕ ಶಿಲೀಂಧ್ರ ದಿಮ್ಮಿಗೆ ನೀಲಿ ಕಲೆ ಹತ್ತಿಸುತ್ತದೆ. ಮಣ್ಣು ಹಿಡಿದಿಡುವ ಕೆಲಸ ಹಾಗಲ್ಲ. ಮರ ಸತ್ತ ಮೇಲೂ ಬೇರುಗಳು ಕೆಲವು ವರ್ಷ ಇಳಿಜಾರನ್ನು ಹಿಡಿದಿರುತ್ತವೆ. ಹತ್ತು ವರ್ಷದೊಳಗೆ ಆ ಹಿಡಿತದ ಬಹುಪಾಲು ಕೊಳೆತು ಹೋಗುತ್ತದೆ. ಹೊಸ ಸಸಿಗಳ ಬೇರು ಅಷ್ಟರಲ್ಲಿ ಇನ್ನೂ ಎಳೆಯದು. ಹಳೆಯ ಬೇರು ಸೋತು ಹೊಸದು ಬಲಿಯದ ಈ ನಡುವಿನ ವರ್ಷಗಳಲ್ಲಿ ಜೋರು ಮಳೆ ಬಂದರೆ ಗುಡ್ಡ ಜಾರುತ್ತದೆ. ಆಪತ್ತಿನ ಮರುವರ್ಷ ಹೋಗಿ ನೋಡಿ ‘ಇಳಿಜಾರು ಭದ್ರ’ ಎಂದು ಷರಾ ಬರೆಯುವವರು ಈ ಕಂಡಿಯನ್ನು ಕಾಣುವುದೇ ಇಲ್ಲ.

ನೀರಿನ ಗಡಿಯಾರ ಇನ್ನೂ ನಿಧಾನ. ಬೆಂಕಿಯ ನಂತರದ ಮೊದಲ ಒಂದೆರಡು ವರ್ಷ ಬೂದಿ ಮತ್ತು ಹೂಳು ಜಲಾಶಯಕ್ಕೆ ಇಳಿಯುತ್ತವೆ; ಇದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಆಸ್ಟ್ರೇಲಿಯಾದಲ್ಲಿ ಮೆಲ್ಬರ್ನ್ ನಗರಕ್ಕೆ ನೀರುಣಿಸುವ ಬೆಟ್ಟಗಳು 1939ರಲ್ಲಿ ಉರಿದಾಗ, ಸತ್ತ ನೀಲಗಿರಿ ಜಾತಿಯ ಹೆಮ್ಮರಗಳ ಜಾಗದಲ್ಲಿ ಒತ್ತೊತ್ತಾಗಿ ಎಳೆಯ ಕಾಡು ಎದ್ದಿತು. ಎಳೆಯ ಮರಗಳು ಹಳೆಯವಕ್ಕಿಂತ ಹೆಚ್ಚು ನೀರು ಹೀರುತ್ತವೆ. ತೊರೆಗಳ ಹರಿವು ತೀರಾ ತಗ್ಗಿದ್ದು ಬೆಂಕಿಯ ವರ್ಷವಲ್ಲ, ಅದಾಗಿ 25-30 ವರ್ಷಕ್ಕೆ. ಪೂರ್ತಿ ಸುಟ್ಟ ಜಲಾನಯನಗಳಲ್ಲಿ ಆ ಹೊತ್ತಿಗೆ ಹರಿವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂದು ಜಲವಿಜ್ಞಾನಿಗಳು ಅಂದಾಜಿಸಿದರು. ಕಾಡು ಹಸಿರಾಗಿ ಕಾಣುತ್ತಿದ್ದರೂ ನೀರಿನ ನಷ್ಟ ಬೆಳೆಯುತ್ತಲೇ ಇತ್ತು.

ಎರಡನೆಯ ಪೆಟ್ಟು ತೀರಾ ಬೇಗ ಬಂದರೆ ಚೇತರಿಕೆಯ ಬೀಜವೇ ಹೋಗುತ್ತದೆ. ಅಮೆರಿಕದ ಯೆಲ್ಲೋಸ್ಟೋನ್ ಸೀಮೆಯ ಲಾಡ್ಜ್‌ಪೋಲ್ ಪೈನ್ ಕಾಡಿಗೆ ಬೆಂಕಿ ಹೊಸದಲ್ಲ. ಶಾಖಕ್ಕೆ ಬಾಯ್ದೆರೆಯುವ ಕಾಯಿಗಳಿಂದ ಬೀಜ ಉದುರಿ ಕಾಡು ಮರಳುತ್ತದೆ. ಅಲ್ಲಿ ಸಹಜ ಅಂತರ 100ರಿಂದ 300 ವರ್ಷ. 1988ರಲ್ಲೋ 2000ರಲ್ಲೋ ಸುಟ್ಟು ಮತ್ತೆ ಚಿಗುರಿದ್ದ ಕೆಲವು ಜಾಗಗಳು 2016ರಲ್ಲಿ ಪುನಃ ಉರಿದವು. ಈ ಸಲ ಹುಟ್ಟಿದ ಸಸಿಗಳು ಮೊದಲ ಬೆಂಕಿಯ ನಂತರ ಹುಟ್ಟಿದ್ದವುಗಳ ಆರನೇ ಒಂದು ಪಾಲು ಮಾತ್ರ. ಆದ್ದರಿಂದ ಚೌಕದ ಪಟ್ಟಿಯಲ್ಲಿ ‘ಕಾಡಿನ ವಯಸ್ಸು’ ಮತ್ತು ‘ಬೀಜ ಕಟ್ಟುವ ವಯಸ್ಸು’ ಎರಡಕ್ಕೂ ಕಲಂ ಇರಲೇಬೇಕು.

ಎಲ್ಲ ಪ್ರಯೋಜನಗಳನ್ನೂ ಸರಾಸರಿ ಮಾಡಿ ಒಂದೇ ಅಂಕ ಕೊಡುವುದನ್ನು ನಾವು ಒಪ್ಪುವುದಿಲ್ಲ. ನಾಟಾಕ್ಕೆ ಒಳ್ಳೆಯದಾದ ಕ್ರಮ ಇಳಿಜಾರಿಗೆ ಕೆಟ್ಟದ್ದಾಗಬಹುದು: ಅಡ್ಡಾದಿಡ್ಡಿ ಬಿದ್ದ ದಿಮ್ಮಿಗಳು ಉರುಳುವ ಬಂಡೆಯನ್ನೂ ಜಾರುವ ಹಿಮವನ್ನೂ ಕೆಲವು ವರ್ಷ ತಡೆಯುತ್ತವೆ, ಎತ್ತಿ ಸಾಗಿಸಿದರೆ ಆ ತಡೆ ಇಲ್ಲವಾಗುತ್ತದೆ. ಕೆಳಗೆ ಮನೆಗಳಿರುವ ಕಡೆ ದಿಮ್ಮಿಯನ್ನು ಅಲ್ಲೇ ಬಿಟ್ಟು ತೊಗಟೆ ಮಾತ್ರ ಸುಲಿಯಬಹುದು. ಒಳಗಿರುವುದು ಬಿಳಿ ಮರಿಹುಳುಗಳಾಗಿದ್ದಾಗಲೇ ಸುಲಿದರೆ ಅವು ಒಣಗಿ ಸಾಯುತ್ತವೆ. ಕಂದು ಬಣ್ಣಕ್ಕೆ ತಿರುಗಿದ ದುಂಬಿಗಳು ಕಂಡರೆ ಸುಲಿದ ತೊಗಟೆಯನ್ನು ಹಾಗೇ ಬಿಡಬಾರದು, ಒಟ್ಟುಮಾಡಿ ನಾಶಪಡಿಸಬೇಕು. ಇಲ್ಲವಾದರೆ ಅವು ಹಾರಿ ಪಕ್ಕದ ಮರ ಸೇರುತ್ತವೆ.