ಸ್ಥಾಪಕರು ಏನನ್ನು ಬಿಟ್ಟುಕೊಡಬೇಕು?

ವಸತಿ ಬಾಡಿಗೆ ತಾಣ ಏರ್‌ಬಿಎನ್‌ಬಿಯ ಸಹಸ್ಥಾಪಕ ಬ್ರಯಾನ್ ಚೆಸ್ಕಿ ಅವರ ಭಾಷಣದಿಂದ ಪ್ರೇರಿತರಾಗಿ, ನವೋದ್ಯಮಗಳಿಗೆ ಬಂಡವಾಳ ಹೂಡುವ ವೈ ಕಾಂಬಿನೇಟರ್‌ನ ಸಹಸ್ಥಾಪಕ ಪಾಲ್ ಗ್ರಹಾಂ 2024ರ ಸೆಪ್ಟೆಂಬರ್‌ನಲ್ಲಿ 'ಫೌಂಡರ್ ಮೋಡ್' (ಸ್ಥಾಪಕರೇ ಕಂಪನಿಯ ಕೆಲಸಗಳಲ್ಲಿ ನೇರವಾಗಿ ತೊಡಗಿಕೊಳ್ಳುವ ಶೈಲಿ) ಕುರಿತು ಪ್ರಬಂಧ ಬರೆದ ಮೇಲೆ, ನನ್ನ ಬಳಿ ಸಲಹೆಗೆಂದು ಬರುವ ಕಂಪನಿ ಸ್ಥಾಪಕರಲ್ಲಿ ಹಲವರು ಎಲ್ಲವನ್ನೂ ತಾವೇ ನೋಡಿಕೊಳ್ಳುವ ಅಭ್ಯಾಸಕ್ಕೆ ಸಮರ್ಥನೆ ಸಿಕ್ಕಿತೆಂಬ ಧಾಟಿಯಲ್ಲಿ ಮಾತನಾಡುತ್ತಾರೆ. ಸಮರ್ಥರನ್ನು ನೇಮಿಸಿ ಅವರ ಪಾಡಿಗೆ ಬಿಡಬೇಕೆಂಬ ಹಳೆಯ ಸಲಹೆ ಸ್ಥಾಪಕರಿಗೆ ಕೈಕೊಡುತ್ತದೆ ಎಂಬ ಆ ಪ್ರಬಂಧದ ವಾದದಲ್ಲಿ ಹುರುಳಿದೆ. ಆದರೆ ಕಂಪನಿ ಬೆಳೆದಂತೆ ಹೊಣೆ ಹಂಚುವುದು ಅನಿವಾರ್ಯವೆಂದೂ ಅದೇ ಪ್ರಬಂಧ ಒಪ್ಪುತ್ತದೆ. ಆ ಭಾಗವನ್ನು ಯಾರೂ ನನ್ನ ಮುಂದೆ ಪ್ರಸ್ತಾಪಿಸಿಲ್ಲ.

ಒಬ್ಬ ವ್ಯಕ್ತಿಯನ್ನು ನಂಬಬೇಕೇ ಬೇಡವೇ ಎಂದು ಒಟ್ಟಾರೆಯಾಗಿ ಕೇಳಿಕೊಳ್ಳುವುದರಲ್ಲೇ ತಪ್ಪಿದೆ ಎಂಬುದು ನನ್ನ ಅಭಿಪ್ರಾಯ. ಚಿಪ್ ತಯಾರಿಸುವ ಇಂಟೆಲ್ ಕಂಪನಿಯನ್ನು ಮುನ್ನಡೆಸಿದ ಆ್ಯಂಡಿ ಗ್ರೋವ್ 1983ರಲ್ಲೇ ಹೇಳಿದಂತೆ, ಉಸ್ತುವಾರಿ ಎಷ್ಟಿರಬೇಕೆಂಬುದು ಆ ನಿರ್ದಿಷ್ಟ ಕೆಲಸದಲ್ಲಿ ಆ ವ್ಯಕ್ತಿ ಎಷ್ಟು ಪಳಗಿದ್ದಾರೆ ಎಂಬುದನ್ನು ಅವಲಂಬಿಸುತ್ತದೆ. ಮಾರಾಟದಲ್ಲಿ ನುರಿತವರೇ ಮೊದಲ ಬಾರಿಗೆ ಬೆಲೆ ನಿಗದಿಯ ಹೊಣೆ ಹೊತ್ತಾಗ, ಸ್ಥಾಪಕರು ಪ್ರತಿ ವಾರ ಜೊತೆಯಲ್ಲಿ ಕೂತು ಲೆಕ್ಕ ನೋಡುವುದು ಅನುಮಾನವಲ್ಲ.

ರಿಯಾಯಿತಿಯ ಮಂಜೂರಾತಿಯನ್ನೇ ನೋಡಿ. ಮಾರಾಟ ಮುಖ್ಯಸ್ಥರೆಂಬ ಹುದ್ದೆ ಕೊಟ್ಟ ಮೇಲೂ ಪ್ರತಿ ರಿಯಾಯಿತಿಯ ಮೇಲ್ ಸ್ಥಾಪಕರ ಒಪ್ಪಿಗೆಗೆ ಕಾಯುತ್ತಿದ್ದರೆ, ಗ್ರಾಹಕರು ಕೆಲವೇ ತಿಂಗಳಲ್ಲಿ ನೇರವಾಗಿ ಸ್ಥಾಪಕರಿಗೇ ಫೋನ್ ಮಾಡಲು ಕಲಿಯುತ್ತಾರೆ, ಅಲ್ಲಿಗೆ ಮುಖ್ಯಸ್ಥರ ಮಾತಿಗೆ ಬೆಲೆ ಇಲ್ಲದಾಗುತ್ತದೆ. ಇಂಥ ಕಡೆ ನಾನು ಒಂದು ಮಿತಿಯನ್ನು ಬರೆದಿಡಲು ಹೇಳುತ್ತೇನೆ: ಇಷ್ಟು ಶೇಕಡಾದವರೆಗೆ ಕೇಳುವ ಅಗತ್ಯವಿಲ್ಲ, ಅದನ್ನು ಮೀರಿದರೆ ಗ್ರಾಹಕರಿಗೆ ಮಾತು ಕೊಡುವ ಮೊದಲೇ ಕೇಳಬೇಕು. ಮಿತಿ ಬರೆಯುವುದು ಸುಲಭ. ಹಳೆಯ ಗ್ರಾಹಕರ ಫೋನ್ ಬಂದಾಗ ತಾವು ಉತ್ತರಿಸದೆ ಮುಖ್ಯಸ್ಥರ ಬಳಿಗೆ ಕಳುಹಿಸುವುದು ಬಹುತೇಕ ಸ್ಥಾಪಕರಿಗೆ ಆಗದ ಮಾತು.

ಹೊಣೆಯನ್ನು ಪೂರ್ತಿ ಕೈಬಿಟ್ಟ ಸ್ಥಾಪಕರ ತೊಂದರೆ ಬೇರೆ. ನಿರ್ಧಾರದ ಜೊತೆಗೆ ಮಾಹಿತಿಯನ್ನೂ ಬಿಟ್ಟುಕೊಟ್ಟಿರುವುದರಿಂದ, ಗ್ರಾಹಕರ ಸಿಟ್ಟು ಅವರನ್ನು ತಲುಪುವ ಹೊತ್ತಿಗೆ ತಿಂಗಳ ವರದಿಯಲ್ಲಿ ಒಂದು ಸರಾಸರಿ ಅಂಕವಾಗಿರುತ್ತದೆ. ಆದ್ದರಿಂದ ದೂರುಗಳನ್ನು ಬಂದ ರೂಪದಲ್ಲೇ ಓದಬೇಕು, ಕೆಳಹಂತದ ಸಿಬ್ಬಂದಿಯೊಡನೆ ಮಾತನಾಡಬೇಕು. ಆದರೆ ಅಲ್ಲಿ ಆದೇಶ ಕೊಡಬಾರದು, ಹೇಳಬೇಕಾದ್ದನ್ನು ಮುಖ್ಯಸ್ಥರಿಗೇ ಹೇಳಬೇಕು. ಸ್ಟೀವ್ ಜಾಬ್ಸ್ 1997ರಲ್ಲಿ ಆ್ಯಪಲ್‌ಗೆ ಮರಳಿದ ಮೇಲೆ ಉತ್ಪನ್ನಗಳ ಪಟ್ಟಿಯನ್ನು ಕಡಿದು, ವಿನ್ಯಾಸದ ಸಣ್ಣ ವಿವರಗಳಲ್ಲೂ ಕೈಯಾಡಿಸುತ್ತಿದ್ದರು, ಆದರೂ ಪೂರೈಕೆ ಸರಪಳಿಯ ಹೊಣೆಯನ್ನು 1998ರಲ್ಲಿ ಬಂದ ಟಿಮ್ ಕುಕ್ ಅವರಿಗೆ ವಹಿಸಿದ್ದರು.

ಹಣಕಾಸಿನಲ್ಲಿ ಮಾತ್ರ ನಂಬಿಕೆ ತಪಾಸಣೆಯ ಜಾಗವನ್ನು ತುಂಬಲಾರದು. ಎಷ್ಟೇ ನಂಬಿಕಸ್ಥರಿದ್ದರೂ ಪಾವತಿಯನ್ನು ದಾಖಲಿಸುವವರು, ಮಂಜೂರು ಮಾಡುವವರು, ಬ್ಯಾಂಕ್ ಲೆಕ್ಕದೊಡನೆ ತಾಳೆ ನೋಡುವವರು ಬೇರೆ ಬೇರೆಯಾಗಿರಬೇಕು. ಅನುಭವಿ ಹಣಕಾಸು ಮುಖ್ಯಸ್ಥರು ಇದಕ್ಕೆ ಬೇಸರಪಟ್ಟಿದ್ದನ್ನು ನಾನು ಕಂಡಿಲ್ಲ. ಗೊಣಗುವವರು ಸಾಮಾನ್ಯವಾಗಿ ಸ್ಥಾಪಕರೇ, ಏಕೆಂದರೆ ತುರ್ತು ಪಾವತಿಗೆ ಅವರೂ ಇನ್ನೊಬ್ಬರ ಸಹಿಗಾಗಿ ಕಾಯಬೇಕಾಗುತ್ತದೆ.